ಸಾಲ ಒಬ್ಬರದು, ಗಟಾರ ಎಲ್ಲರದು

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೆದ್ದಾರಿ 65ರಲ್ಲಿ ಬರುವಾಗ ಕಿಟಕಿಯಿಂದ ಹೊರಗೆ ನೋಡಿ. ತೊಗರಿ ಹೊಲದ ಪಕ್ಕದಲ್ಲೇ ಕಲ್ಲು ನೆಟ್ಟ ಪ್ಲಾಟುಗಳು, ಅವುಗಳ ಮುಂದೆ ದೊಡ್ಡ ಬೋರ್ಡು: ಎನ್‌ಎ ಆಗಿದೆ, ಬ್ಯಾಂಕ್ ಲೋನ್ ಸಿಗುತ್ತದೆ. ನಮ್ಮ ಮನೆಗಳಲ್ಲಿ ಅಪ್ಪಂದಿರು, ಕಾಕಾಗಳು ಆ ಬೋರ್ಡಿನಲ್ಲಿ ಮೊದಲು ಓದೋದು ಎರಡನೇ ಮಾತನ್ನೇ. ಲೋನ್ ಸಿಗುತ್ತದೆ ಅಂದ್ರೆ ಎಲ್ಲ ಸರಿ ಇದೆ ಅಂತಲೇ ಅರ್ಥ. ನಮ್ಮ ಪ್ರಕಾರ ಅದು ಅರ್ಧ ಮಾತ್ರ ನಿಜ.

ಬ್ಯಾಂಕು ಏನು ನೋಡುತ್ತದೆ? ರಿಸರ್ವ್ ಬ್ಯಾಂಕಿನ ಗೃಹಸಾಲದ ನಿಯಮದ ಪ್ರಕಾರ, ಮನೆ ಕಟ್ಟಲು ಸಾಲ ಕೊಡುವ ಮೊದಲು ಸಕ್ಷಮ ಪ್ರಾಧಿಕಾರ ಒಪ್ಪಿದ ನಕ್ಷೆಯ ಪ್ರತಿ ಬೇಕು. ಅನಧಿಕೃತ ಬಡಾವಣೆ ಆಗಿದ್ದರೆ, ಅದು ಸಕ್ರಮವಾಗಿ ಅಭಿವೃದ್ಧಿ ಶುಲ್ಕ ಕಟ್ಟುವ ತನಕ ಸಾಲ ಇಲ್ಲ. 2006ರಲ್ಲಿ ದೆಹಲಿಯ ಅಕ್ರಮ ಕಟ್ಟಡಗಳ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ ಕೊಟ್ಟ ಆದೇಶದಿಂದ ಈ ನಿಯಮ ಬಂತು. ದೆಹಲಿಗೆ ಅಂತ ಶುರುವಾದದ್ದು ಇವತ್ತು ನಮ್ಮ ಊರಿನ ಗುಂಟೆ ಪ್ಲಾಟಿನ ಹಣೆಬರಹ ಬರೀತಿದೆ.

ಯಾಕಂದ್ರೆ ನಮ್ಮ ಕಡೆ ಎಷ್ಟೋ ಜನ ಹೊಲ ತುಂಡು ಮಾಡಿ ಮಾರಿದಾಗ ಕಡಿಮೆ ರೇಟು ಅಂತ ಕೊಂಡವರು. ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿದ್ದರೆ ಅವರ ಕೈಯಲ್ಲಿರೋದು ಇ-ಸ್ವತ್ತಿನ ನಮೂನೆ 11ಬಿ. ಬ್ಯಾಂಕು ಕೇಳೋದು ನಮೂನೆ 9 ಮತ್ತು 11ಎ. ಬಸವಕಲ್ಯಾಣ ನಗರಸಭೆ, ಹುಮನಾಬಾದ ಪುರಸಭೆಯಂಥ ಕಡೆ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡೋ ಅಭಿಯಾನವನ್ನು ಸರ್ಕಾರ 2025ರಲ್ಲಿ ರಾಜ್ಯದಾದ್ಯಂತ ಶುರು ಮಾಡಿತು. ಬಿ ಖಾತಾ ಬಂದರೆ ತೆರಿಗೆ ಕಟ್ಟಬಹುದು, ಆದರೆ ಬಡಾವಣೆ ಸಕ್ರಮ ಆಯ್ತು ಅಂತ ಅಲ್ಲ. ಹಾಗಾಗಿ ದೊಡ್ಡ ಬ್ಯಾಂಕುಗಳ ಗೃಹಸಾಲದ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಯೇ ಇರುತ್ತದೆ.

ಬಾಗಿಲು ಮುಚ್ಚಿದರೂ ಮನೆ ಕಟ್ಟೋದು ನಿಲ್ಲಲ್ಲ. ಜನ ಬೇರೆ ಕಡೆ ಜಾಸ್ತಿ ಬಡ್ಡಿಗೆ ತರ್ತಾರೆ. ಒಂದು ಲೆಕ್ಕ ಹಾಕಿ ನೋಡಿದೆವು. 20 ಲಕ್ಷ ಸಾಲ, 20 ವರ್ಷ. ಬಡ್ಡಿ ಶೇ. 9 ಇದ್ದರೆ ತಿಂಗಳ ಕಂತು ಸುಮಾರು 18,000 ರೂಪಾಯಿ. ಶೇ. 14 ಆದರೆ ಸುಮಾರು 24,900. ಕೊನೆಗೆ ಕಟ್ಟಿದ ಹಣದಲ್ಲಿ ವ್ಯತ್ಯಾಸ ಸುಮಾರು 16.5 ಲಕ್ಷ. ನಮ್ಮಲ್ಲಿ ಒಬ್ಬರ ನಾಲ್ಕು ವರ್ಷದ ಬಿಇ ಇದರಲ್ಲೇ ಮುಗಿದು ಇನ್ನೂ ಉಳಿಯುತ್ತದೆ.

ಹಾಗಾದ್ರೆ ನಿಯಮ ತೆಗೆದುಹಾಕಿ ಅನ್ನೋಣವಾ? ಬೇಡ. ನಿಯಮ ಸರಿಯಾಗೇ ಇದೆ. ಎಲ್ಲರಿಗೂ ಸಾಲ ಕೊಟ್ಟರೆ ನಾಳೆ ಹೊಲದ ಮಧ್ಯೆ ರಸ್ತೆ ಇಲ್ಲದ, ನೀರು ಹೋಗಲು ದಾರಿ ಇಲ್ಲದ ಇನ್ನೂ ಹತ್ತು ಲೇಔಟ್ ಏಳ್ತವೆ. ನಮ್ಮ ತಕರಾರು ಬೇರೆ. ಬ್ಯಾಂಕು ಒಬ್ಬರ ಕಾಗದ ನೋಡುತ್ತದೆ, ಆದರೆ ಆ ಕಾಗದದ ಬೆಲೆ ನಿಂತಿರೋದು ಎಲ್ಲರಿಗೂ ಸೇರಿದ ರಸ್ತೆ, ಗಟಾರ, ಪಾರ್ಕಿನ ಮೇಲೆ. ಅದನ್ನು ಯಾರೂ ಕೇಳಲ್ಲ.

ಕೇಳೋಕೆ ಕಾನೂನು ಇದೆ. 2016ರ ರೇರಾ ಕಾಯ್ದೆ ಅಪಾರ್ಟ್‌ಮೆಂಟಿಗಷ್ಟೇ ಅಲ್ಲ, 500 ಚದರ ಮೀಟರ್ ದಾಟಿದ ಪ್ಲಾಟಿನ ಲೇಔಟಿಗೂ ಅನ್ವಯಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಜನ ಬುಕ್ ಮಾಡಿದ ಮೂರು ತಿಂಗಳೊಳಗೆ ಕೊಂಡವರ ಸಂಘ ಆಗುವಂತೆ ಡೆವಲಪರ್ ಮಾಡಬೇಕು ಅಂತ ಅದರಲ್ಲಿದೆ. ಸಾಮಾನ್ಯ ಜಾಗವನ್ನು ಸಂಘಕ್ಕೋ ಸಕ್ಷಮ ಪ್ರಾಧಿಕಾರಕ್ಕೋ ಬರೆದುಕೊಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಂಘ ಇರುತ್ತೆ, ಜಗಳಾನೂ ಇರುತ್ತೆ. ನಮ್ಮ ಕಡೆ ಪ್ಲಾಟು ಮಾರಿದವರು ಹೊರಟ ಮೇಲೆ ಸಂಘ ಅನ್ನೋ ಮಾತೇ ಬರಲ್ಲ. ಮಳೆಗಾಲದಲ್ಲಿ ನೀರು ನಿಂತಾಗ ಆಫೀಸಿನಿಂದ ಬರೋ ಉತ್ತರ ಒಂದೇ: ಲೇಔಟ್ ಇನ್ನೂ ಹಸ್ತಾಂತರ ಆಗಿಲ್ಲ.

ಸಾಲದ ನಿಯಮ ಸಂಘವನ್ನು ಎಚ್ಚರಿಸಬಲ್ಲದು ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. 2021ರ ಜೂನ್ 24ರಂದು ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 12 ಮಹಡಿಯ ಕಟ್ಟಡ ಕುಸಿದು 98 ಜನ ಸತ್ತರು. ದೊಡ್ಡ ರಿಪೇರಿ ಬೇಕು ಅಂತ ಗೊತ್ತಿತ್ತು, ದುಡ್ಡು ಹಾಕೋ ವಿಷಯದಲ್ಲಿ ಮಾಲೀಕರ ನಡುವೆ ವರ್ಷಗಟ್ಟಲೆ ಎಳೆದಾಟ ನಡೆದಿತ್ತು. ಅದಾದ ಮೇಲೆ, ಬ್ಯಾಂಕುಗಳಿಂದ ಗೃಹಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆ, ದೊಡ್ಡ ರಿಪೇರಿ ಬಾಕಿ ಇಟ್ಟ ಕಟ್ಟಡಗಳ ಸಾಲ ಕೊಳ್ಳಲ್ಲ ಅಂದಿತು. 2022ರ ಜನವರಿಯಿಂದ ಬ್ಯಾಂಕುಗಳು ಸಾಲಗಾರನ ಸಂಬಳದ ಜೊತೆ ಸಂಘದ ರಿಪೇರಿ ಲೆಕ್ಕವನ್ನೂ ಕೆದಕಿ ಕೇಳತೊಡಗಿದವು. ಅಲ್ಲೂ ತೊಂದರೆ ಆಯ್ತು: ಸಂಘ ನಿರ್ಲಕ್ಷ್ಯ ಮಾಡಿದರೆ ತಪ್ಪಿಲ್ಲದ ಮನೆಯವರಿಗೂ ಮನೆ ಮಾರೋದು ಕಷ್ಟ.

ಅದಕ್ಕೇ ನಾವು ಹೇಳೋದು, ಭಾರ ಸಾಲ ಕೇಳುವವರ ತಲೆ ಮೇಲೆ ಬೀಳಬಾರದು. ಬ್ಯಾಂಕುಗಳು ಒಂದು ಪ್ರಾಜೆಕ್ಟಿಗೆ ಒಮ್ಮೆ ಒಪ್ಪಿಗೆ ಕೊಟ್ಟು ಆಮೇಲೆ ಒಬ್ಬೊಬ್ಬರಿಗೆ ಸಾಲ ಕೊಡುವ ಪದ್ಧತಿ ಈಗಾಗಲೇ ಇದೆ. ಆ ಮೊದಲ ಒಪ್ಪಿಗೆಯಲ್ಲೇ ಡೆವಲಪರನ್ನು ಕೇಳಲಿ: ರೇರಾ ನಂಬರ್ ಎಲ್ಲಿ, ಸಂಘ ಯಾವಾಗ, ರಸ್ತೆ ಗಟಾರ ಯಾವ ತಾರೀಖಿಗೆ ಹಸ್ತಾಂತರ? ಉತ್ತರ ಇಲ್ಲದಿದ್ದರೆ "ಬ್ಯಾಂಕ್ ಲೋನ್ ಸಿಗುತ್ತದೆ" ಬೋರ್ಡು ಹಾಕೋ ಹಕ್ಕೂ ಬೇಡ.

ಈಗಾಗಲೇ 11ಬಿ, ಬಿ ಖಾತಾದಲ್ಲಿ ಸಿಕ್ಕಿಕೊಂಡವರ ಕಥೆ? ಅವರಲ್ಲಿ ಒಬ್ಬರು ನೂರು ಸಲ ಆಫೀಸಿಗೆ ಅಲೆದರೂ ಬಡಾವಣೆ ಸಕ್ರಮ ಆಗಲ್ಲ, ಯಾಕಂದ್ರೆ ಅವರ ಪ್ಲಾಟಿನ ಮುಂದಿನ ರಸ್ತೆ ಅವರೊಬ್ಬರದಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ನಿವಾಸಿಗಳ ಸಂಘ ಮಾಡಿಕೊಂಡು, ಎಲ್ಲರ ಹೆಸರಲ್ಲಿ ಒಂದೇ ಅರ್ಜಿ ಹಿಡಿದು ಹೋಗಬೇಕು. ಅನುಭವ ಮಂಟಪದ ಊರಿನವರಿಗೆ ಎಲ್ಲರೂ ಕೂತು ಮಾತಾಡೋದನ್ನು ಹೊರಗಿನವರು ಬಂದು ಕಲಿಸಬೇಕಾ?

ಗೆಳೆಯರೇ, ಇದರಲ್ಲಿ ನಮಗೂ ಕೆಲಸ ಇದೆ. ಸಿವಿಲ್‌ನವರು ಸರ್ವೇ ಕಲಿಯೋದು ಕಾಲೇಜು ಗ್ರೌಂಡಿನಲ್ಲೇ ಆಗಬೇಕು ಅಂತೇನಿಲ್ಲ. ನಮ್ಮದೇ ಬಡಾವಣೆಯ ರಸ್ತೆ ಅಗಲ, ಗಟಾರದ ಇಳಿಜಾರು ಅಳೆದು ನಕ್ಷೆ ಮಾಡಿಕೊಟ್ಟರೆ ಸಂಘದ ಅರ್ಜಿಗೆ ಬಲ ಬರುತ್ತದೆ. ಕಂಪ್ಯೂಟರ್ ಸೈನ್ಸ್‌ನವರು ಮನೆಯವರಿಗೆ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹುಡುಕಿ ತೋರಿಸಲಿ, ಐದು ನಿಮಿಷ ಸಾಕು. ಅಡ್ವಾನ್ಸ್ ಕೊಡುವ ಮೊದಲು, ಕೊಟ್ಟ ಮೇಲಲ್ಲ.