ವಾರಸುದಾರರಿಲ್ಲದ ಗೋಲುಗಳು

ನವೆಂಬರ್ ಬಂತೆಂದರೆ ಪುಣೆಯ ಕನ್ನಡಿಗರ ಬಾಯಲ್ಲಿ ಒಂದು ಪಟ್ಟಿ ಬರುತ್ತದೆ. ಜ್ಞಾನಪೀಠ ಎಂಟು. ಕ್ರಿಕೆಟ್ಟಿಗೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕುಂಬ್ಳೆ, ದ್ರಾವಿಡ್. ಬ್ಯಾಡ್ಮಿಂಟನ್ನಿಗೆ ಪ್ರಕಾಶ್ ಪಡುಕೋಣೆ. ವೇದಿಕೆ ಮೇಲಿದ್ದವರು ಓದುತ್ತಾರೆ, ಕೆಳಗಿದ್ದವರು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಬಿಸಿಬೇಳೆ ಬಾತ್. ಧನಕವಡಿಗೆ ಬಂದು ಮೂವತ್ತು ವರ್ಷವಾಗುತ್ತ ಬಂತು. ಆ ಪಟ್ಟಿಯಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನ ಹೆಸರು ನನ್ನ ಕಿವಿಗೆ ಬಿದ್ದಿಲ್ಲ.

ಇದ್ದರೆ ತಾನೇ ಹೇಳೋದು ಅಂತೀರಾ? ಸ್ವಲ್ಪ ತಾಳಿ.

ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ 1948ರ ಜುಲೈ 31ರಂದು, ಲಂಡನ್ ಪಕ್ಕದ ಇಲ್‌ಫರ್ಡ್‌ನಲ್ಲಿ. ಎದುರಾಳಿ ಫ್ರಾನ್ಸ್. ನಮ್ಮ ಹುಡುಗರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು, 1-2ರಲ್ಲಿ ಸೋತೆವು. ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಮೈಸೂರಿನ ಪರ ಆಡುತ್ತಿದ್ದವರು. ಮುಂದಿನ ಒಲಿಂಪಿಕ್ಸ್ 1952ರಲ್ಲಿ, ಹೆಲ್ಸಿಂಕಿಯಲ್ಲಿ. ಯುಗೋಸ್ಲಾವಿಯಾ ನಮ್ಮನ್ನು 10-1ರಿಂದ ಚಚ್ಚಿ ಹಾಕಿತು. ಆ ಒಂದು ಗೋಲು ಯಾರದ್ದು? ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು.

ಲೆಕ್ಕ ನೋಡಿ. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಸಿಕ್ಕ ಮೊದಲ ಎರಡು ಒಲಿಂಪಿಕ್ ಗೋಲುಗಳೂ ನಮ್ಮ ಕಡೆಯ ಕಾಲುಗಳಿಂದ ಬಂದವು. ಆದರೂ ನಮ್ಮ ಪಟ್ಟಿಯಲ್ಲಿ ಇಬ್ಬರೂ ಇಲ್ಲ.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ತಂದೆಯೂ ಫುಟ್‌ಬಾಲ್ ಆಡಿದವರೇ. ಜಾಗ ಇನ್‌ಸೈಡ್ ಲೆಫ್ಟ್, ಅಂದರೆ ಮುಂದಿನ ಸಾಲು. 1948ರಲ್ಲಿ ಲಂಡನ್ನಿಗೆ ಹೋದಾಗ ಇನ್ನೂ ಬೆಂಗಳೂರಿನ ಆಟಗಾರ. 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು, ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಅವರು ಹೋದ ವರ್ಷದಿಂದಲೇ ಕ್ಲಬ್ಬು 1949, 1950, 1951, ಹೀಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. 1951 ಮತ್ತು 1952ರಲ್ಲಿ ಡುರಾಂಡ್ ಕಪ್. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು.

ಈಸ್ಟ್ ಬೆಂಗಾಲ್ ಎಂದರೆ ಯಾರ ಕ್ಲಬ್ಬು? ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಮೂಲದವರದ್ದು. ದೇಶ ವಿಭಜನೆಯಾದಾಗ ಮನೆ ಮಠ ಬಿಟ್ಟು ಕಲ್ಕತ್ತೆಗೆ ಬಂದವರೆಲ್ಲ ಅದರ ಬೆನ್ನಿಗೆ ನಿಂತರು. ಊರು ಬಿಟ್ಟು ಬಂದ ಆ ಜನ, ಊರು ಬಿಟ್ಟು ಬಂದ ಐದು ಆಟಗಾರರನ್ನು ಎದೆಗೆ ಅಪ್ಪಿಕೊಂಡರು. ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದವರು, ಒಬ್ಬರೂ ಬಂಗಾಳಿ ಅಲ್ಲ. ಇಬ್ಬರು ಮುಸ್ಲಿಮರು. ಆ ಐವರಿಗೆ ಜನ ಇಟ್ಟ ಹೆಸರು ‘ಪಂಚ ಪಾಂಡವರು’! ವಿಭಜನೆಯ ಗಾಯ ಹಸಿಯಾಗಿದ್ದ ಕಾಲವದು. ಆ ಗಾಯವನ್ನು ಮೈಮೇಲೆ ಹೊತ್ತು ಬಂದವರೇ ಅಹ್ಮದ್ ಖಾನರನ್ನು ಪಾಂಡವ ಎಂದು ಕರೆದರು. ನಮಗೆ ಏನು ಬಂದಿತ್ತು ಧಾಡಿ?

ಈ ವಿಷಯ ಎತ್ತಿದಾಗಲೆಲ್ಲ ನಮ್ಮವರಿಂದ ಮೂರು ಉತ್ತರ ಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಫುಟ್‌ಬಾಲ್ ನಮ್ಮ ಆಟ ಅಲ್ಲ ಸ್ವಾಮಿ, ನಮ್ಮದು ಕ್ರಿಕೆಟ್.’ ಹೌದೇ? ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದದ್ದು 1973-74ರಲ್ಲಿ. ಫುಟ್‌ಬಾಲಿನ ರಣಜಿ ಅಂದರೆ ಸಂತೋಷ್ ಟ್ರೋಫಿ. ಅದನ್ನು ಮೈಸೂರು ಗೆದ್ದದ್ದು 1946-47ರಲ್ಲಿ. ಮತ್ತೆ 1952-53ರಲ್ಲಿ, 1967-68ರಲ್ಲಿ, 1968-69ರಲ್ಲಿ. ನಾಲ್ಕು ಸಲವೂ ಫೈನಲ್‌ನಲ್ಲಿ ಎದುರಾಳಿ ಬಂಗಾಳ. ಅಂದರೆ ಒಂದೇ ಒಂದು ರಣಜಿ ಮನೆಗೆ ಬರುವ ಮೊದಲೇ ನಾಲ್ಕು ಸಂತೋಷ್ ಟ್ರೋಫಿ ಬಂದಿದ್ದವು. ಅದಕ್ಕೂ ಮುಂಚೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಬಂದು ರೋವರ್ಸ್ ಕಪ್ ಗೆದ್ದಿತು. ಭಾರತೀಯ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. ನಮ್ಮ ಆಟ ಅಲ್ಲವಂತೆ!

ಎರಡನೆಯದು, ‘ಅವರೆಲ್ಲ ಕನ್ನಡದವರಲ್ಲ ಬಿಡಿ.’ ಇದನ್ನು ದನಿ ತಗ್ಗಿಸಿ ಹೇಳುತ್ತಾರೆ. ಮನೆಯಲ್ಲಿ ಉರ್ದು, ಇಲ್ಲಾ ತಮಿಳು, ಇಲ್ಲಾ ಇಂಗ್ಲಿಷ್, ಕಂಟೋನ್ಮೆಂಟಿನ ಜನ. ಬ್ರಿಟಿಷ್ ಪಲ್ಟನ್ನುಗಳ ಆಟ ನೋಡಿ ಸುತ್ತಲಿನ ಕೇರಿಯ ಹುಡುಗರು ಕಲಿತ ಆಟ ಇದು, ನಿಜ. ಆ ಕಂಟೋನ್ಮೆಂಟು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿದ್ದು 1947ರ ಜುಲೈನಲ್ಲಿ, ಅದೂ ನಿಜ. ಹಾಗಾದರೆ ಕೇಳುತ್ತೇನೆ. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ, ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ‘ಅವರು ಕನ್ನಡದಲ್ಲಿ ಬರೆದರಲ್ಲ’ ಅನ್ನುತ್ತೀರಿ. ಸರಿ, ದ್ರಾವಿಡ್ ಏನು ಬರೆದರು? ಹುಟ್ಟಿದ್ದು ಇಂದೋರಿನಲ್ಲಿ, ಮನೆಮಾತು ಮರಾಠಿ. ನನ್ನ ಮರಾಠಿ ಸಹೋದ್ಯೋಗಿಗಳು ‘ಆಮ್ಚಾ ದ್ರವಿಡ್’ ಅಂದಾಗ ಮೈಯೆಲ್ಲ ಉರಿದು ‘ನಮ್ಮ ದ್ರಾವಿಡ್’ ಅಂತ ಜಗಳಕ್ಕೆ ಇಳಿಯುವವರು ನಾವೇ ಅಲ್ಲವೇ? ಅದು ಸರಿಯೇ. ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕಕ್ಕೆ ಆಡಿದವರು ನಮ್ಮವರೇ. ಆದರೆ ಆ ನ್ಯಾಯ ಮಲ್ಲೇಶ್ವರ, ಇಂದಿರಾನಗರಕ್ಕೆ ಮಾತ್ರ ಸಲ್ಲುತ್ತದೆಯೋ? ಹಲಸೂರಿನ ಗೌತಮಪುರಕ್ಕೆ ಸಲ್ಲುವುದಿಲ್ಲವೋ?

2018ರ ಮಾರ್ಚ್ 11ರ ಸಂಜೆ ನೆನಪಿಸಿಕೊಳ್ಳಿ. ಐಎಸ್‌ಎಲ್ ಸೆಮಿಫೈನಲ್, ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿ ನಮ್ಮ ಬಾಲೇವಾಡಿಯ ಎಫ್‌ಸಿ ಪುಣೆ ಸಿಟಿಯನ್ನು 3-1ರಿಂದ ಸೋಲಿಸಿತು. ಮೂರೂ ಗೋಲು ಸುನಿಲ್ ಛೆಟ್ರಿಯವರದ್ದು. ಮರುದಿನ ನಮ್ಮ ಧನಕವಡಿಯ ಕನ್ನಡದವರು ಬೀಗಿದ್ದೇ ಬೀಗಿದ್ದು. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಕುಟುಂಬದಲ್ಲಿ. ಅವತ್ತು ಯಾರೂ ಮನೆಮಾತು ಕೇಳಲಿಲ್ಲ. ಕೇಳಬಾರದಿತ್ತು ಕೂಡ. ಹಾಗಿದ್ದ ಮೇಲೆ ಬೆಂಗಳೂರಿನಲ್ಲೇ ಹುಟ್ಟಿದ ಅಹ್ಮದ್ ಖಾನರಿಗೆ ಯಾಕೆ ಕೆವೈಸಿ ಕೇಳುತ್ತೀರಿ? ಬ್ಯಾಂಕಿನಲ್ಲಿ ಗುರುತು, ವಿಳಾಸದ ಕಾಗದ ಕೇಳುತ್ತೇವೆ. ನಿಮ್ಮ ಪಟ್ಟಿಯವರು ಕೇರಿ, ಧರ್ಮ, ಮನೆಮಾತು ಮೂರನ್ನೂ ಕೇಳುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ.

ಮೂರನೆಯದು, ‘ಅವರು ಬಂಗಾಳಕ್ಕೆ ಹೋದರಲ್ಲ, ಬಂಗಾಳದವರೇ ನೆನೆಯಲಿ.’ ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಪುಣೆಯಲ್ಲಿ ಕುಳಿತ ಕನ್ನಡಿಗ ಹೇಳುತ್ತಾನಲ್ಲ, ಅದಕ್ಕೆ ಏನನ್ನಬೇಕು? ನಾವು ಇಲ್ಲಿಗೆ ಬಂದದ್ದು ಯಾಕೆ? ಅನ್ನಕ್ಕೆ. ಅವರು ಹೋದದ್ದೂ ಅದಕ್ಕೇ. ಆಗ ಆಟವೇ ನೌಕರಿ ಎನ್ನುವ ಕಾಲ ಅಲ್ಲ. ದೊಡ್ಡ ಕ್ಲಬ್ಬು, ತುಂಬಿದ ಮೈದಾನ, ಹೆಸರು ಎಲ್ಲ ಇದ್ದದ್ದು ಕಲ್ಕತ್ತಾದಲ್ಲಿ. ಅಹ್ಮದ್ ಖಾನರ ನಂತರವೂ ಬೆಂಗಳೂರಿನ ಹುಡುಗರು ಅದೇ ರೈಲು ಹತ್ತಿದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ, 70ರ ದಶಕದ ಉಲಗನಾಥನ್, 80ರ ದಶಕದ ಬಾಬು ಮಣಿ. 1993ರಲ್ಲಿ ಇರಾಕಿನ ಅಲ್ ಜಾವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಹೊಡೆದ ಕಾರ್ಲ್‌ಟನ್ ಚಾಪ್‌ಮನ್ ಕೂಡ ನಮ್ಮೂರ ಹುಡುಗನೇ. ಮುಂದೆ ಭಾರತ ತಂಡದ ನಾಯಕನಾದ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡಾಗ ವಯಸ್ಸು ಇನ್ನೂ 49.

ಊರು ಬಿಟ್ಟವನನ್ನು ಊರು ಹೇಗೆ ನೆನೆಯಬೇಕು ಅನ್ನುವುದನ್ನು ಸ್ಕಾಟ್ಲೆಂಡಿನವರಿಂದ ಕಲಿಯಬೇಕು. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರಿಗಿಂತ ಕಮ್ಮಿ. ಅವರಲ್ಲಿ ಡೆನಿಸ್ ಲಾ ಅಂತ ಒಬ್ಬ ಸ್ಟ್ರೈಕರ್ ಇದ್ದರು. 1940ರಲ್ಲಿ ಆಬರ್ಡೀನ್ ಊರಿನ ಮೀನುಗಾರನ ಮನೆಯಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಕ್ಲಬ್ಬಿಗೆ ಹೋದರು. ಆಮೇಲೆ ಮ್ಯಾಂಚೆಸ್ಟರ್ ಸಿಟಿ, ಇಟಲಿಯ ಟೊರಿನೊ, ಮ್ಯಾಂಚೆಸ್ಟರ್ ಯುನೈಟೆಡ್. 1964ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪಡೆದರು; ಅದನ್ನು ಪಡೆದ ಸ್ಕಾಟಿಷ್ ಆಟಗಾರ ಅವರೊಬ್ಬರೇ. ದೇಶಕ್ಕಾಗಿ 55 ಪಂದ್ಯ, 30 ಗೋಲು. ಆದರೆ ಸ್ಕಾಟ್ಲೆಂಡಿನ ಒಂದು ಕ್ಲಬ್ಬಿಗೂ ಅವರು ಆಡಲಿಲ್ಲ! ದುಡಿದದ್ದೆಲ್ಲ ಹೊರಗೆ. ಊರಿನವರು ‘ನೀನು ಮ್ಯಾಂಚೆಸ್ಟರಿನವನು’ ಅಂದರೇ? ಇಲ್ಲ. 2021ರಲ್ಲಿ ಆಬರ್ಡೀನ್ ನಗರದ ನಡುವೆ ಅವರ ಪ್ರತಿಮೆ ನಿಲ್ಲಿಸಿದರು, ಅವರು ಬದುಕಿರುವಾಗಲೇ. 2025ರ ಜನವರಿಯಲ್ಲಿ ತೀರಿಕೊಂಡಾಗ ಮ್ಯಾಂಚೆಸ್ಟರ್ ಅತ್ತಿತು, ಆಬರ್ಡೀನೂ ಅತ್ತಿತು. ಒಬ್ಬ ಮನುಷ್ಯ ಎರಡು ಊರಿನವನಾಗಬಹುದು. ಅದರಿಂದ ಯಾವ ಊರಿಗೂ ನಷ್ಟವಿಲ್ಲ.

ಅಹ್ಮದ್ ಖಾನ್ ಅವರು ಬೆಂಗಳೂರಿಗೇ ಮರಳಿ, 2017ರ ಆಗಸ್ಟ್ 27ರಂದು ತಮ್ಮ 90ನೇ ವಯಸ್ಸಿನಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ನಮ್ಮಲ್ಲಿ ಎಷ್ಟು ಜನ ಮರಳಿ ಹೋಗುತ್ತೇವೆ, ಎದೆ ಮುಟ್ಟಿಕೊಂಡು ಹೇಳಿ ನೋಡೋಣ.

ಇದೆಲ್ಲ ಹಳೇ ಕಥೆ ಅನ್ನುವವರಿಗೆ ಹೊಸದೊಂದು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಅದೂ ಪರದೇಶದ ನೆಲದಲ್ಲಿ. ನಾನಿರುವ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಅವತ್ತು ಎಂದಿನಂತೆ ಶುಭೋದಯದ ಹೂವು ಬಂದವು, ಬೆಂಗಳೂರಿನ ಟ್ರಾಫಿಕ್ ಜೋಕು ಬಂದವು. ಇದೊಂದು ಸುದ್ದಿ ಬರಲಿಲ್ಲ. ಒಂದು ರಣಜಿ ಪಂದ್ಯದ ಡ್ರಾಗೆ ಗಂಟೆಗಟ್ಟಲೆ ಚರ್ಚೆ ಮಾಡುವ ಜನ!

ಗೌತಮಪುರಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಜೊತೆಗೆ ಬ್ರೆಜಿಲ್‌ನ ಪೆಲೆ. ಬಡವರ ಕೇರಿ ತನ್ನ ದೇವರನ್ನು ಎಷ್ಟು ದೂರದಿಂದ ತಂದುಕೊಂಡಿದೆ ನೋಡಿ. ನಮಗೆ ಅಷ್ಟು ದೂರ ಹೋಗುವ ಕಷ್ಟವೂ ಇಲ್ಲ. ನಮ್ಮ ಮನೆಯ ಹೆಸರುಗಳನ್ನು ನಾವು ಬರೆದುಕೊಂಡರೆ ಸಾಕು.

ಬ್ಯಾಂಕಿನ ಒಂದು ನಿಯಮ ಹೇಳಿ ಮುಗಿಸುತ್ತೇನೆ. ಹತ್ತು ವರ್ಷ ಯಾರೂ ಕೇಳದೆ ಬಿದ್ದಿರುವ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೆ ದುಡ್ಡು ಮುಳುಗಿ ಹೋಗುವುದಿಲ್ಲ. ವಾರಸುದಾರರು ಯಾವತ್ತೇ ಬಂದು ‘ಇದು ನಮ್ಮದು’ ಎಂದು ಅರ್ಜಿ ಕೊಟ್ಟರೂ ಸಿಗುತ್ತದೆ. ಯಾರಾದರೂ ಅರ್ಜಿ ಕೊಡಬೇಕು, ಅಷ್ಟೇ. ಬರುವ ರಾಜ್ಯೋತ್ಸವಕ್ಕೆ ನಿಮ್ಮ ಸಂಘದ ಮಕ್ಕಳ ರಸಪ್ರಶ್ನೆಯಲ್ಲಿ ಒಂದು ಪ್ರಶ್ನೆ ಸೇರಿಸಿ: ‘ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಯಾರು? ಎರಡನೆಯದು ಯಾರದ್ದು?’ ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ ಅಹ್ಮದ್ ಖಾನರಿಗೆ ಕೊಡಿ. ಜಾಹೀರಾತು ಒಂದು ಕಮ್ಮಿಯಾದರೆ ಸಂಘವೇನೂ ಮುಳುಗುವುದಿಲ್ಲ.

ಯಾರಾದರೂ ‘ಅವರು ನಮ್ಮವರಾ?’ ಅಂತ ತಕರಾರು ತೆಗೆದರೆ, ‘ಪುಣೆಯಲ್ಲಿರುವ ನೀವು ಯಾರವರು?’ ಅಂತ ಕೇಳಿ.