ಹದಿನೈದು ವರ್ಷದ ಮೇಲೆ ಕೋಡ್ ಓದುವವರು ಯಾರು?

ದೆಹಲಿಯ ಕನ್ನಡಿಗರಿಗೆ ಆರ್.ಕೆ.ಪುರಂ ಎಂದರೆ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘ. ದೇಶದ ಪೊಲೀಸರಿಗೆ ಮಾತ್ರ ಅದು ಬಹುಕಾಲ ಈಸ್ಟ್ ಬ್ಲಾಕ್‌ನಲ್ಲಿದ್ದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. 1986ರಲ್ಲಿ ಶುರುವಾದ ಈ ಕಚೇರಿ ಈಗ ಮಹಿಪಾಲಪುರದಲ್ಲಿದೆ. ಆದರೆ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಸಿಸಿಟಿಎನ್ಎಸ್ ಯೋಜನೆಗೆ ಕೇಂದ್ರ 2009ರಲ್ಲಿ 2,000 ಕೋಟಿ ರೂಪಾಯಿ ಒಪ್ಪಿದಾಗ ಬ್ಯೂರೊ ಇದ್ದದ್ದು ಆರ್.ಕೆ.ಪುರಂನಲ್ಲೇ. ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆಸಬೇಕೆಂಬ ತಲೆನೋವೂ ಅದರ ಪಾಲಿಗೆ ಬಂತು.

ಅದಕ್ಕೂ ಮೊದಲು, 2004ರಿಂದ, ಠಾಣೆಗಳಿಗೆ ಸಿಪಾ ಎಂಬ ತಂತ್ರಾಂಶ ಬರತೊಡಗಿತ್ತು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್ಐಸಿ ಅದನ್ನು ಲಿನಕ್ಸ್ ಮೇಲೆ ಜಾವಾದಲ್ಲಿ ಬರೆದು, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸಿತ್ತು. ಇಂದಿನ ಎಂಜಿನಿಯರೂ ಮೂಗು ಮುರಿಯದ ಆಯ್ಕೆ. ಆದರೂ ಪ್ರತಿ ಠಾಣೆಗೆ ಹೋಗಿ ಪ್ರತ್ಯೇಕವಾಗಿ ಅಳವಡಿಸಬೇಕಿತ್ತು. ಒಂದು ಠಾಣೆಯಲ್ಲಿ ತುಂಬಿದ ವಿವರ ಪಕ್ಕದ ಠಾಣೆಗೆ ಸಿಗುತ್ತಿರಲಿಲ್ಲ. ಎಡವಿದ್ದು ರಚನೆಯಲ್ಲಿ. ಜಾವಾ ಮೇಲೋ ಪೈಥಾನ್ ಮೇಲೋ ಎಂದು ವಾರಗಟ್ಟಲೆ ಜಗಳವಾಡುವ ತಂಡಗಳು ಈ ಕಡೆ ನೋಡುವುದೇ ಇಲ್ಲ.

ಸಿಸಿಟಿಎನ್ಎಸ್ ಹಿಡಿದ ದಾರಿ ವಿಚಿತ್ರವಾಗಿತ್ತು. ರಾಜ್ಯಗಳಿಗೆ ಕೊಡುವ ಮೂಲ ತಂತ್ರಾಂಶವನ್ನು ಜಾವಾದಲ್ಲೊಮ್ಮೆ, ಡಾಟ್‌ನೆಟ್‌ನಲ್ಲೊಮ್ಮೆ, ಎರಡು ಸಲ ಬರೆಸುವುದು. ಬೇಕಾದದ್ದನ್ನು ರಾಜ್ಯಗಳೇ ಆರಿಸಿಕೊಳ್ಳುವುದು. ಕೆಲಸ ವಿಪ್ರೊಗೆ ಸಿಕ್ಕಿತು. ಕರ್ನಾಟಕ ತನ್ನದೇ ‘ಪೊಲೀಸ್ ಐಟಿ’ ತಂತ್ರಾಂಶದ ಜೊತೆಗಿತ್ತು. ತನ್ನ ಊರಲ್ಲಿ ಯಾವ ಭಾಷೆ ಬಲ್ಲವರು ಸಿಗುತ್ತಾರೆ ಎಂಬುದು ರಾಜ್ಯಕ್ಕೇ ಗೊತ್ತು, ಆ ಮಟ್ಟಿಗೆ ಆಯ್ಕೆ ಬಿಟ್ಟುಕೊಟ್ಟದ್ದು ಸರಿ. ಆದರೆ ಕೋಡ್ ಎರಡಾದರೆ ಮುಂದಿನ ಪ್ರತಿ ತಿದ್ದುಪಡಿಯೂ ಎರಡೆರಡು ಸಲ.

ಆ ತಿದ್ದುಪಡಿ ಬಂದೇ ಬಂತು. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಯಾಯಿತು. ಕೊಲೆಯ 302 ಇದ್ದದ್ದು 103 ಆಯಿತು, ಜನರ ಬಾಯಲ್ಲಿ ಬೈಗುಳವೇ ಆಗಿದ್ದ 420 ಹೋಗಿ 318 ಬಂತು. ಹೊಸ ಕಾನೂನುಗಳಿಗಾಗಿ ತಂತ್ರಾಂಶದಲ್ಲಿ ಬ್ಯೂರೊ 23 ಮಾರ್ಪಾಡು ಮಾಡಬೇಕಾಯಿತು. 2009ರಲ್ಲಿ ಟೆಂಡರ್ ಕಡತ ಹಿಡಿದು ಕೂತವರಿಗೆ ಇದರ ಸುಳಿವು ಇರಲು ಸಾಧ್ಯವೇ ಇರಲಿಲ್ಲ.

ನಮ್ಮ ‘ಭೂಮಿ’ ಯೋಜನೆಯದೂ ಇದೇ ಪಾಠ. 2001ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ತಂತ್ರಾಂಶ ವಿಷುವಲ್ ಬೇಸಿಕ್ 6ರಲ್ಲಿತ್ತು. ಈಗಿನ ಹುಡುಗರು ನಗಬಹುದು. ಆದರೆ ಆಗ ಆ ಭಾಷೆ ಬಲ್ಲವರು ಧಾರಾಳವಾಗಿ ಸಿಗುತ್ತಿದ್ದರು, ಬೇಗ ಬರೆದು ಮುಗಿಸಬಹುದಿತ್ತು. ಅಂದಿಗೆ ಅದು ಒಳ್ಳೆಯ ಆಯ್ಕೆಯೇ. ಅಪಾಯವಿದ್ದದ್ದು ಒಂದೇ ಕಂಪನಿಯ ಮರ್ಜಿಯಲ್ಲಿ: 2008ರಲ್ಲಿ ಮೈಕ್ರೋಸಾಫ್ಟ್ ಆ ಸಾಧನಕ್ಕೆ ಬೆಂಬಲ ನಿಲ್ಲಿಸಿತು. ಪಹಣಿ ರೈತನಿಗೆ ಆಮೇಲೂ ಬೇಕಲ್ಲ! ಅಮೆರಿಕದ ನ್ಯೂಜೆರ್ಸಿಗೂ ಇದೇ ಗತಿ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಗದ್ದಲದ ನಡುವೆ, ಅಲ್ಲಿನ ಗವರ್ನರ್ ಕೋಬಾಲ್ ಎಂಬ ಹಳೆಯ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಟಿವಿ ಮುಂದೆ ಕೇಳಿಕೊಂಡರು.

2015ರಲ್ಲಿ ಕೇಂದ್ರ ಮುಕ್ತ ತಂತ್ರಾಂಶ ನೀತಿ ತಂದದ್ದು ಒಳ್ಳೆಯ ಹೆಜ್ಜೆ. ಆದರೆ ಅಷ್ಟೇ ಸಾಲದು, ಮೂಲ ಕೋಡ್ ಕೈಯಲ್ಲಿದ್ದರೂ ಓದಲು ಬರದಿದ್ದರೆ ಅದು ಬೀರುವಿನ ಕಾಗದ. ಸರ್ಕಾರಿ ಟೆಂಡರ್‌ನಲ್ಲಿ ಇನ್ನೊಂದು ಷರತ್ತು ಬೇಕು. ಹಣ ಕೊಡುವ ಮುನ್ನ, ಆ ಕೋಡ್ ಬರೆಯದ ಎಂಜಿನಿಯರೊಬ್ಬರಿಗೆ ಅದನ್ನು ಕೊಟ್ಟು ಒಂದು ಬದಲಾವಣೆ ಮಾಡಿಸಬೇಕು: ಜೂನ್ 30ರಂದು ನಡೆದ ಕೊಲೆಯ ದೂರು ಜುಲೈ 2ರಂದು ಬಂದರೂ ಎಫ್ಐಆರ್‌ನಲ್ಲಿ 302 ಬೀಳಬೇಕು, ಜುಲೈ 1ರ ಕೊಲೆಗೆ 103. ವಾರದೊಳಗೆ ಅವರಿಂದ ಇದು ಆಗದಿದ್ದರೆ, ಭಾಷೆ ಎಷ್ಟೇ ಹೊಸದಿರಲಿ, ಬಿಲ್ ಪಾಸಾಗಬಾರದು.