ಬೋಟಿನ ತೂತು ಮತ್ತು ಅರ್ಧ ದಿನದ ಕೂಲಿ

ಮುಂಬಯಿಯ ಹೋಟೆಲು, ಗಿರಣಿಗಳಲ್ಲಿ ದುಡಿದ ನಮ್ಮ ಕರಾವಳಿಯ ಬಂಧುಗಳು ಊರಿಗೆ ಕಳಿಸುವ ಹಣ ಮನೆ ಮದುವೆಗಳಿಗೆ ಹೋಗುವಂತೆ ಅಣ್ಣತಮ್ಮಂದಿರ ಮೀನುಗಾರಿಕೆಯ ಬೋಟಿಗೂ ಹೋಗುತ್ತದೆ. ಬೋಟು ಬಂಡೆಗೆ ಬಡಿದೇ ಹಾಳಾಗಬೇಕೆಂದಿಲ್ಲ. ಒಳಗಿನ ಬೆರಳು ಗಾತ್ರದ ತೂತಿನಿಂದಲೂ ಹಾಳಾಗುತ್ತದೆ.

ಫೈಬರ್ ಬೋಟಿನ ತಳದೊಳಗೆ ಬಲಕ್ಕಾಗಿ ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳಿರುತ್ತವೆ. ಅನೇಕ ಬೋಟುಗಳಲ್ಲಿ ಇವು ಮರದವು ಇಲ್ಲವೆ ಪ್ಲೈವುಡ್ಡಿನವು. ಮೇಲೆ ಗಾಜಿನ ನಾರು ಮತ್ತು ರಾಳದ ಹೊದಿಕೆ. ಒಳಗೆ ಸೇರಿದ ನೀರು ತಗ್ಗಿಗೆ ಹರಿದು ಪಂಪಿಗೆ ಸಿಗಲೆಂದು ಪಟ್ಟಿಗಳ ಬುಡದಲ್ಲಿ ತೂತು ಕೊರೆಯುತ್ತಾರೆ. ಬೈರಿಗೆ ಹೊದಿಕೆಯನ್ನು ಸೀಳಿದೊಡನೆ ಬರಿಮರ ಬಯಲಾಗುತ್ತದೆ. ಬತ್ತಿ ಎಣ್ಣೆಯನ್ನು ಎಳೆದಂತೆ ಅದು ನೀರನ್ನು ಎಳೆಯುತ್ತದೆ. ಸುತ್ತಲೂ ಹೊದಿಕೆ ಇರುವುದರಿಂದ ಹೊಕ್ಕ ನೀರು ಬೇಗ ಆರುವುದಿಲ್ಲ. ಮಳೆಯ ಸಿಹಿನೀರಂತೂ ಉಪ್ಪುನೀರಿಗಿಂತ ಬೇಗ ಮರವನ್ನು ಕೊಳೆಸುತ್ತದೆ. ಮೇಲೆ ಬಣ್ಣ ಮಿನುಗುತ್ತಿರುವಾಗಲೇ ಒಳಗೆ ಮರ ಪುಡಿಯಾಗಿರುತ್ತದೆ.

ಇದಕ್ಕೆ ಉಪಾಯವುಂಟು. ತೂತನ್ನೇ ಮುಚ್ಚಿಬಿಟ್ಟರೆ ನೀರು ನಿಂತು ಮತ್ತೂ ಕೆಡುತ್ತದೆ. ಮುಚ್ಚಬೇಕಾದದ್ದು ಅದರ ಅಂಚನ್ನು. ಮೊದಲು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಮರ ಚೆನ್ನಾಗಿ ಒಣಗಿದ ಮೇಲೆ ಎಪಾಕ್ಸಿ ಕುಡಿಸಿ, ಗಟ್ಟಿ ಕಲಸಿದ ಎಪಾಕ್ಸಿಯಿಂದ ತುಂಬಿ, ಅದು ಕಲ್ಲಾದ ನಂತರ ನಡುವೆ ಸಣ್ಣ ತೂತು ಕೊರೆಯತಕ್ಕದ್ದು. ಆಗ ಹರಿಯುವ ನೀರಿಗೆ ಮರ ಸಿಗುವುದಿಲ್ಲ. ಬರಿ ಬಣ್ಣ ಸಾಲದು. ಒದ್ದೆ ಮರದ ಮೇಲೆ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ.

ಹಾಗಾದರೆ ಈ ಕೆಲಸ ಯಾಕೆ ತಪ್ಪುತ್ತದೆ? ಗುತ್ತಿಗೆಯ ಅವಸರದಲ್ಲಿ ಕೆಲಸಗಾರನಿಗೆ ಹೊತ್ತು ಸಿಗುವುದಿಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ಕೂಲಿ ಕೊಡಲು ಯಾರಿಗೂ ಕೈ ಬರುವುದಿಲ್ಲ. ಹೋಟೆಲಿನಲ್ಲಿ ಗಲ್ಲೆಯ ಮುಂದಿನ ಗಾಜು ಹೊಳೆಯುತ್ತದೆ, ಒಳಗೆ ಮೋರಿಯ ಸುತ್ತಲಿನ ಗೋಡೆ ಜಿನುಗುತ್ತದೆ. ಈ ನ್ಯಾಯ ನಮಗೆ ಹೊಸದಲ್ಲ. ಮರ ಕೊಳೆತ ಮೇಲೆ ಮೇಸ್ತ್ರಿಯನ್ನು ಬೈಯುವವರು ಅವನಿಗೆ ಅರ್ಧ ದಿನ ಹೆಚ್ಚಿಗೆ ಕೊಟ್ಟಿದ್ದರೇ? ಅರ್ಧ ದಿನದ ಕೂಲಿ ಉಳಿಸಿ ಬೋಟು ಕಳೆದುಕೊಳ್ಳುವುದು ಉಳಿತಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯ.

ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿದೆ. ದುರಸ್ತಿಗೆ ಅದೇ ಪುರಸೊತ್ತು. ಆದರೆ ಮಳೆಗಾಲವಾದ್ದರಿಂದ ಮರ ಒಣಗಲು ಮೇಲೊಂದು ಮಾಡು ಬೇಕು.

ಬಂಧುಗಳೇ, ಈ ಸಲ ಬೋಟಿಗೆಂದು ಹಣ ಕಳಿಸುವ ಮುಂಚೆ ಎರಡು ಮಾತು ಕೇಳಿರಿ. ತೂತಿನ ಅಂಚಿಗೆ ಎಪಾಕ್ಸಿ ಬೀಳುತ್ತದೆಯೇ? ಆ ಕೆಲಸಕ್ಕೆ ಕೂಲಿ ಬೇರೆ ಇಟ್ಟಿದ್ದಾರೆಯೇ?